ಎರಡನೇ ಶನಿವಾರದ ಪಟ್ಟಿ

ಚಿಗವ್ವ ಬರುತ್ತಾಳಂತೆ, ಬೆಂಗಳೂರು ನೋಡೋದಕ್ಕೆ.
ನೋಡೋದಕ್ಕೆ ಅಂದದ್ದು ಅವಳೇ, ನಾನಲ್ಲ.
ಮೂವತ್ತೊಂದು ವರ್ಷವಾಯಿತು ಅವಳ ಕಣ್ಣು ಹೋಗಿ;
ಆ ಮಾತು ಮಾತ್ರ ಬಾಯಿ ಬಿಟ್ಟು ಹೋಗಿಲ್ಲ.
ನಿನ್ನ ಮಾರಿ ನೋಡಿ ಭಾಳ ದಿನಾ ಆತು, ಅನ್ನುತ್ತಾಳೆ.
ಸಾರು ನೋಡುತ್ತಾಳೆ, ಸೀರೆ ನೋಡುತ್ತಾಳೆ,
ಫೋನಿನಲ್ಲೇ, ನಾನು ಸೊರಗಿದ್ದನ್ನೂ ನೋಡಿಬಿಡುತ್ತಾಳೆ.

ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರು, ಕಳೆದ ತಿಂಗಳ ಹಾಳೆ.
ಮಗುಚಿ ಹಾಕಿ ನಡುವೆ ಗೆರೆ ಎಳೆದೆ:
ಶನಿವಾರ. ಭಾನುವಾರ.
ಬೆಳಿಗ್ಗೆ ರೈಲು. ಮನೆ. ಸ್ನಾನ. ಉಪ್ಪಿಟ್ಟು.
ಹತ್ತಕ್ಕೆ ವಿಧಾನಸೌಧ ಅಂತ ಬರೆದು, ಹೊಡೆದು ಹಾಕಿದೆ.
ಗೇಟಿನಾಚೆ ನಿಂತು ಏನಂತ ತೋರಿಸಲಿ?
ದೊಡ್ಡದು ಚಿಗವ್ವ, ಕಲ್ಲಿನದು, ಮೇಲೆ ಸಿಂಹ.
ನನ್ನ ಪಕ್ಕದ ಬಿಲ್ಲಿಂಗ್ ಕೌಂಟರಿನ ಫಿಲೋಮಿನಾ
ಒಳ್ಳೆಯವಳೇ, ಆದರೂ ಕೇಳಿದಳು:
"ಅವರಿಗೆ ಮಾಲೂ ಒಂದೇ, ಮನೆಯೂ ಒಂದೇ ಅಲ್ವೇನೇ?
ಸುಮ್ಮನೆ ಎರಡು ದಿನ ಊಟ ಹಾಕಿ ಕಳಿಸು."
ನಾನು ನಗಲಿಲ್ಲ. ಆದರೆ, ಸುಳ್ಳೇಕೆ,
ಆ ಯೋಚನೆ ನನ್ನ ತಲೆಗೂ ಒಮ್ಮೆ ಬಂದು ಹೋಗಿತ್ತು.

ರಾತ್ರಿ ಫೋನು. ಹಿಂದೆ ಗುಳೇದಗುಡ್ಡದ ಖಾನಾವಳಿಯ ಗದ್ದಲ,
ರೊಟ್ಟಿ ಬಡಿಯುತ್ತಲೇ ಮಾತು, ಪಟ್, ಪಟ್, ಪಟ್:
"ವಿಧಾನಸೌಧ ಬಿಡಬ್ಯಾಡವ್ವಾ. ಏಳು ಸಲ ಓಟು ಹಾಕೀನಿ.
ಅಲ್ಲಿ ಹ್ವಾದವ್ರು ಹೊಳ್ಳಿ ನಮ್ಮ ಓಣಿಗೆ ಬಂದಿಲ್ಲ.
ಏನೈತಿ ಅಂಥಾದ್ದು, ಒಂದು ಕಲ್ಲರ ಮುಟ್ಟಿ ನೋಡ್ತೀನಿ."

ಮುಟ್ಟಿ ನೋಡು. ಕೇಳಿ ನೋಡು. ಮೂಸಿ ನೋಡು. ತಿಂದು ನೋಡು.
ಕೈಯ ಕೆಲಸಕ್ಕೂ ಮೂಗಿನ ಕೆಲಸಕ್ಕೂ ಕೊನೆಗೊಂದು
"ನೋಡು" ಅಂಟಿಸಿ ಹೋಗಿದ್ದಾರೆ ನಮ್ಮ ಹಿರೀಕರು;
ದಿನಾ ಆಡುವ ಮಾತು, ಇವತ್ತು ಕಿವಿಗೆ ಬಿತ್ತು.

ಹೊಸ ಹಾಳೆ. ಇದು ಇನ್ನೂ ಹಿಂದಿನ ತಿಂಗಳದು.
ಮಾರ್ಕೆಟ್ಟಿನ ಹೂವು: ಐದಕ್ಕೇ ಏಳಬೇಕು.
ಸೇವಂತಿಗೆ ಎಲ್ಲಿ ಮುಗಿಯಿತು, ಸುಗಂಧರಾಜ ಎಲ್ಲಿ ಶುರು, ಅವಳೇ ಹೇಳಲಿ.
ಕೊಳೆತ ಎಲೆಕೋಸೂ ಜತೆಗೆ ಬರುತ್ತದೆ, ಬರಲಿ.
ಮೆಟ್ರೋ: ಸೀಟು ಹುಡುಕುವುದು ಬೇಡ, ಬಾಗಿಲ ಹತ್ತಿರ ನಿಲ್ಲುವುದು,
ನೆಲದಡಿಯಿಂದ ಮೇಲೆ ಬರುವಾಗ ಸದ್ದು ಬಿಚ್ಚಿಕೊಳ್ಳುತ್ತದಲ್ಲ, ಅದಕ್ಕೆ.
ಎಸ್ಕಲೇಟರು: ಸೀರೆಯ ಅಂಚು? ಫಿಲೋಮಿನಾಳನ್ನು ಕರೆಯುವುದು.
ಲಾಲ್‌ಬಾಗ್: ಗಾಜಿನ ಮನೆಯಲ್ಲ, ಬಂಡೆ.
ಚಪ್ಪಲಿ ಬಿಡಿಸಿ ಹತ್ತಿಸುವುದು, ಕಲ್ಲು ಕಾಯುವ ಮೊದಲು.
ಬೈಟೂ ಕಾಫಿ, ನಿಂತು. ಲೋಟ ಸುಡುತ್ತದೆ ಅಂತ
ಅವಳಿಗೆ ಹೇಳಹೋಗಬಾರದು, ಹೆಂಚಿನ ಮೇಲೆ ರೊಟ್ಟಿ ತಿರುವುವ ಕೈ ಅದು.
ವಿಧಾನಸೌಧ: ಕಲ್ಲಿನ ತನಕ ಪೊಲೀಸರು ಬಿಡದಿದ್ದರೆ
ಬೇಲಿಯ ಕಂಬಿ ಹಿಡಿದು ನೋಡಲಿ.
ಅವಳು ಕೇಳಿದ್ದಕ್ಕೆ ಅದೂ ಉತ್ತರವೇ.

ನಿನ್ನೆ ಡ್ಯೂಟಿ ಮುಗಿಸಿ, ಬಸ್‌ಸ್ಟಾಪು ದಾಟಿ ನಮ್ಮ ಬೀದಿಯಲ್ಲಿ
ಕಣ್ಣು ಮುಚ್ಚಿ ನಡೆದೆ, ಎಷ್ಟು ಹೊತ್ತು ಹಿಡಿಯುತ್ತದೋ ಎಂದು.
ಹತ್ತು ಹೆಜ್ಜೆ ಸರಿ ಹೋಯಿತು.
ಹನ್ನೊಂದನೆಯದಕ್ಕೆ ಚರಂಡಿಯ ಚಪ್ಪಡಿ, ಹೆಬ್ಬೆರಳ ಉಗುರು.
"ಹುಷಾರಮ್ಮಾ, ಎಡಕ್ಕೆ, ಎಡಕ್ಕೆ" ಅಂದಿತು ಯಾವುದೋ ದನಿ,
ಹುಡುಗನದೇನೋ ಅನ್ನುವಷ್ಟು ಸಣ್ಣದು.
ಕಣ್ಣು ಬಿಟ್ಟರೆ ಇಸ್ತ್ರಿ ಗಾಡಿಯ ಮುನಿವೆಂಕಟಪ್ಪ,
ಆ ಮೀಸೆ, ಆ ಭುಜ.
ಆರು ವರ್ಷ ಗಂಟು ಕೊಟ್ಟು ಗಂಟು ತಂದಿದ್ದೇನೆ,
ಬೆರಳಲ್ಲೇ ಲೆಕ್ಕ, ಬೆರಳಲ್ಲೇ ದುಡ್ಡು.

ಹಾಳೆಯ ಅಂಚಿನಲ್ಲಿ ಒತ್ತರಿಸಿ ಬರೆದೆ:
ಭಾನುವಾರ ಸಂಜೆ, ನಮ್ಮ ಬೀದಿ, ಅರ್ಧ ಗಂಟೆ.
ಟ್ರಾನ್ಸ್‌ಫಾರ್ಮರಿನ ಗುಂಯ್. ಇದ್ದಿಲ ವಾಸನೆ. ಅವನ ದನಿ.
ಚಪ್ಪಡಿಗೆ ಹನ್ನೊಂದು, ಅವಳ ಹೆಜ್ಜೆಗೆ ಹದಿಮೂರಾದೀತು.

ಹೋಗುವ ಟಿಕೆಟ್ಟು ಇನ್ನೂ ವೇಟಿಂಗ್ ಲಿಸ್ಟು, ಹದಿನಾಲ್ಕು.
ಅಲ್ಲೇ ನಿಂತರೆ ಸೋಮವಾರಕ್ಕೂ ಗೆರೆ ಎಳೆಯಬೇಕು,
ರಜೆ ಕೇಳಬೇಕು, ಮ್ಯಾನೇಜರು ಗೊಣಗುತ್ತಾನೆ.
ಏನು ಮಾಡೋಣ ಚಿಗವ್ವ, ಎಂದು ಕೇಳಿದೆ.
ಪಟ್, ಪಟ್.
"ನೋಡೂಣು ತಗೋ."